ಸೂತಿಕೆಯ ವಿಷಾದ: ಒಂದು ಐತಿಹಾಸಿಕ ವಿವೇಚನೆ

೧. ಪೀಠಿಕೆ

ಗರ್ಭಧಾರಣೆಯ ಕಾಲದಲ್ಲಿಯೂ ಹೆರಿಗೆಯ ಅನಂತರವೂ ಸ್ತ್ರೀಯರ ಮನಸ್ಸಿಗೆ ಒದಗುವ ವಿಷಾದವನ್ನು ಕುರಿತು ವೈದ್ಯರು ಈಚೆಗೆ ವಿಶೇಷವಾಗಿ ವಿಚಾರಮಾಡುತ್ತಿದ್ದಾರೆ. ಈ ವಿಚಾರವು ಜನರಲ್ಲಿ ಹರಡಿದಂತೆಲ್ಲ ಇದರ ಪೂರ್ವಚರಿತ್ರೆಯ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಕೇಳಿಬರುತ್ತಿವೆ. ಇದು ಪಾಶ್ಚಾತ್ಯ ಜೀವನಕ್ರಮದಿಂದ ಹುಟ್ಟಿದ ಹೊಸ ವ್ಯಾಧಿ, ತವರುಮನೆಯ ಆರೈಕೆ ಉಳ್ಳ ಈ ದೇಶದಲ್ಲಿ ಇದು ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಚರಕ ಸುಶ್ರುತರು ಇದೆಲ್ಲವನ್ನೂ ಮೊದಲೇ ಹೇಳಿಟ್ಟಿದ್ದಾರೆ, ಹೊಸದಾಗಿ ತಿಳಿಯಬೇಕಾದದ್ದು ಏನೂ ಇಲ್ಲ ಎಂದು ಮತ್ತೆ ಕೆಲವರು ಹೇಳುತ್ತಾರೆ. ಗ್ರಂಥಗಳನ್ನು ಪಕ್ಷಪಾತವಿಲ್ಲದೆ ಪರಿಶೀಲಿಸಿದರೆ ಈ ಎರಡು ಪಕ್ಷಗಳೂ ನಿಲ್ಲತಕ್ಕವಲ್ಲವೆಂಬುದು ಸ್ಪಷ್ಟವಾಗುತ್ತದೆ. ಪ್ರಾಚೀನರು ತಾಯಿಯ ಮನಸ್ಸನ್ನು ಕಾಣದೆ ಇರಲಿಲ್ಲ. ಆದರೆ ಅದನ್ನು ಯಾವುದರ ಮೂಲಕ ಕಂಡರು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಮೊದಲು ವಿಷಯವನ್ನು ವಿಂಗಡಿಸಿಕೊಳ್ಳುವುದು ಅವಶ್ಯಕ. ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದ ಹೊತ್ತಿಗೆ ಬಹುಮಂದಿ ತಾಯಂದಿರಿಗೆ ನಿಮಿತ್ತವಿಲ್ಲದೆ ಅಳು ಬರುವುದುಂಟು. ಇದು ಎರಡು ವಾರಗಳೊಳಗೆ ತಾನಾಗಿಯೇ ಶಮನವಾಗುತ್ತದೆ, ಇದನ್ನು ವ್ಯಾಧಿಯೆಂದು ಎಣಿಸುವುದಿಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ನಿದ್ರಾನಾಶ, ಭ್ರಾಂತಿ, ಪ್ರಲಾಪಗಳಿಂದ ಕೂಡಿದ ಉನ್ಮಾದವು ತಲೆದೋರುತ್ತದೆ. ಇದು ತಾಯಿಗೂ ಮಗುವಿಗೂ ಪ್ರಾಣಾಪಾಯಕರವಾದುದರಿಂದ ತತ್‌ಕ್ಷಣವೇ ಚಿಕಿತ್ಸೆಯನ್ನು ಬೇಡುತ್ತದೆ. ಇವೆರಡರ ನಡುವೆ ಇರುವುದೇ ಪ್ರಕೃತ ವಿಷಯವಾದ ವಿಷಾದ. ಇದು ಗರ್ಭಕಾಲದಲ್ಲಿಯೇ ಮೊದಲಾಗಬಹುದು, ಹೆರಿಗೆಯಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೂ ಮೊದಲಾಗಬಹುದು. ಉತ್ಸಾಹಹಾನಿ, ಅರುಚಿ, ಮಗು ಮಲಗಿದ್ದರೂ ಬಾರದ ನಿದ್ರೆ, ತಾನು ಅಯೋಗ್ಯಳೆಂಬ ಭಾವ, ಮಗುವಿನಲ್ಲಿ ಮಮತೆ ಹುಟ್ಟಲಿಲ್ಲವೆಂಬ ಅಪರಾಧಬುದ್ಧಿ, ಕೆಲವು ವೇಳೆ ಮರಣೇಚ್ಛೆ, ಇವು ಇದರ ಲಕ್ಷಣಗಳು. ಉನ್ಮಾದವು ಕೂಗುತ್ತದೆ, ವಿಷಾದವು ಮೌನವಾಗಿರುತ್ತದೆ. ಈ ವ್ಯಾಧಿಯ ಚರಿತ್ರೆಯು ಬಹುಮಟ್ಟಿಗೆ ಈ ಭೇದದಿಂದಲೇ ನಿರ್ಣಯವಾಗಿದೆ.

೨. ಶಬ್ದವಿಚಾರ

‘ವಿಷಾದ’ ಶಬ್ದವು ‘ವಿ’ ಉಪಸರ್ಗಪೂರ್ವಕವಾದ ‘ಸದ್’ ಧಾತುವಿನಿಂದ ಆದದ್ದು. ಕುಗ್ಗುವುದು, ಕುಸಿಯುವುದು, ಶಿಥಿಲವಾಗುವುದು ಎಂಬ ಅರ್ಥಗಳು ಆ ಧಾತುವಿಗೆ ಉಂಟು. ‘ಅವಸಾದ’ವೂ ಅದರಿಂದಲೇ ಬಂದದ್ದು. ಇಂದು ಕನ್ನಡದಲ್ಲಿ ರೂಢವಾಗಿರುವ ‘ಖಿನ್ನತೆ’ಯು ‘ಖಿದ್’ ಧಾತುವಿನಿಂದ ನಿಷ್ಪನ್ನವಾದದ್ದು. ಹೀಗೆ ಮನಸ್ಸು ಕುಗ್ಗುವುದಕ್ಕೆ ಸಂಸ್ಕೃತದಲ್ಲಿ ಶಬ್ದಗಳಿಗೆ ಕೊರತೆಯಿಲ್ಲ. ಭಗವದ್ಗೀತೆಯ ಪ್ರಥಮಾಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದು ಹೆಸರಾಗಿರುವುದು ಸರ್ವವಿದಿತ. ಆದರೆ ಅರ್ಜುನನ ವಿಷಾದವನ್ನು ವಿವರವಾಗಿ ವರ್ಣಿಸಿದ ವಾಙ್ಮಯದಲ್ಲಿ ಬಾಣಂತಿಯ ವಿಷಾದಕ್ಕೆ ಒಂದು ಪ್ರತ್ಯೇಕವಾದ ಹೆಸರು ಏರ್ಪಡಲಿಲ್ಲ.

ಕನ್ನಡದ ವ್ಯವಹಾರದಲ್ಲಿಯೂ ಹೀಗೆಯೇ. ಪ್ರಸವಾನಂತರದ ಉನ್ಮಾದಪ್ರಲಾಪಗಳಿಗೆ ‘ಬಾಣಂತಿ ಸನ್ನಿ’ ಎಂಬ ಹೆಸರು ಬಹುಕಾಲದಿಂದ ಜನರ ಬಾಯಲ್ಲಿ ಇದೆ. ‘ಸನ್ನಿ’ ಎಂಬುದು ‘ಸನ್ನಿಪಾತ’ದ ತದ್ಭವ, ಮೂರು ದೋಷಗಳೂ ಒಟ್ಟಿಗೆ ಕೆರಳಿದ ಅವಸ್ಥೆಯೆಂದು ಅದರ ಮೂಲಾರ್ಥ. ಗರ್ಭಿಣಿಯ ಆಸೆಗಳಿಗೆ ‘ಬಯಕೆ’ಯೆಂಬ ಮನೋಹರವಾದ ಮಾತು ಉಂಟು. ಆದರೆ ಗೋಡೆಯ ಕಡೆಗೆ ಮುಖಮಾಡಿಕೊಂಡು ಸುಮ್ಮನೆ ಮಲಗಿರುವ ಬಾಣಂತಿಯ ಅವಸ್ಥೆಗೆ ಅಂಥ ಪ್ರಸಿದ್ಧವಾದ ಮಾತೊಂದು ಇಲ್ಲ. ಅವಳಿಗೆ ದೃಷ್ಟಿಯಾಗಿದೆ, ಶೀತವಾಗಿದೆ, ಅವಳು ಸೋಮಾರಿ, ಅವಳು ಹಟಗಾರ್ತಿ ಎಂದು ಬೇರೆ ಬೇರೆ ಹೆಸರುಗಳಿಂದ ಅದನ್ನು ಕರೆಯುವುದುಂಟು. ಹೆಸರಿಲ್ಲದ ವ್ಯಾಧಿಗೆ ಚಿಕಿತ್ಸೆಯೂ ಇಲ್ಲ.

೩. ಗರ್ಭಿಣೀಪ್ರಕರಣ

ಕ್ರಿಸ್ತಶಕದ ಆರಂಭದ ಶತಮಾನಗಳ ಆಸುಪಾಸಿನಲ್ಲಿ ಸಂಸ್ಕಾರಗೊಂಡ ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ, ಒಂದೊಂದು ಕಾರ್ಯಕ್ಕೆ ಯಾವುದು ಮುಖ್ಯತಮವೆಂಬುದನ್ನು ತಿಳಿಸುವ ದೀರ್ಘವಾದ ಪಟ್ಟಿಯೊಂದು ಇದೆ. ಗರ್ಭವು ನಿಲ್ಲುವುದಕ್ಕೆ ಮನಸ್ಸಿನ ಪ್ರಸನ್ನತೆಯೇ, ಎಂದರೆ ಸೌಮನಸ್ಯವೇ, ಮುಖ್ಯವೆಂದು ಅಲ್ಲಿ ಹೇಳಿದೆ. ರೋಗವನ್ನು ಬೆಳೆಸುವುದರಲ್ಲಿ ವಿಷಾದವೇ ಮುಖ್ಯವೆಂದೂ ಅದೇ ಪಟ್ಟಿಯಲ್ಲಿ ಹೇಳಿದೆ. ಮನಸ್ಸಿಗೂ ಶರೀರಕ್ಕೂ ಇರುವ ಸಂಬಂಧವನ್ನು ಗ್ರಂಥಕಾರನು ಎಷ್ಟು ಗಂಭೀರವಾಗಿ ಎಣಿಸಿದ್ದನೆಂಬುದಕ್ಕೆ ಇದು ಸಾಕ್ಷಿ.

ಶಾರೀರಸ್ಥಾನದಲ್ಲಿ ದ್ವೈಹೃದಯ್ಯದ ವಿಚಾರವು ಬರುತ್ತದೆ. ಗರ್ಭದ ಹೃದಯವು ಮಾತೃಜವಾದದ್ದು, ಅದು ರಸವಾಹಿನಿಗಳ ಮೂಲಕ ತಾಯಿಯ ಹೃದಯಕ್ಕೆ ಕೂಡಿಕೊಂಡಿದೆ. ಆದಕಾರಣ ಗರ್ಭಿಣಿಯು ಎರಡು ಹೃದಯಗಳುಳ್ಳವಳು, ಅವಳ ಬಯಕೆಯು ಗರ್ಭದ ಬಯಕೆಯೂ ಹೌದು ಎಂಬುದು ಅದರ ತಾತ್ಪರ್ಯ. ಸುಶ್ರುತನು ಇದನ್ನು ನಾಲ್ಕನೆಯ ತಿಂಗಳಿಗೆ ಹೇಳಿ, ಬಯಕೆಯನ್ನು ತಿರಸ್ಕರಿಸಿದರೆ ಮಗುವು ಗೂನುಬೆನ್ನಿನದೋ, ಕುಂಟೋ, ಜಡವೋ, ವಾಮನವೋ ಆಗುವುದೆಂದು ಎಚ್ಚರಿಸುತ್ತಾನೆ. ಆಶ್ವಲಾಯನ ಗೃಹ್ಯಸೂತ್ರದ ಸೀಮಂತೋನ್ನಯನದಲ್ಲಿ ವೀಣೆಯವರು ಹಾಡಬೇಕೆಂಬ ವಿಧಿಯೂ, ಪತಿಪುತ್ರರುಳ್ಳ ವೃದ್ಧಸ್ತ್ರೀಯರು ಹೇಳಿದುದನ್ನೆಲ್ಲ ನಡಸಬೇಕೆಂಬ ವಿಧಿಯೂ ಇವೆ. ಗರ್ಭಿಣಿಯ ಸುತ್ತಲೂ ಸಂತೋಷವನ್ನು ಕಟ್ಟಬೇಕೆಂಬ ಈ ಸಂಪ್ರದಾಯವು ಆದರಣೀಯವಾದದ್ದು.

ಆದರೆ ಇದರ ಮತ್ತೊಂದು ಮುಖವನ್ನು ಮರೆಯಲಾಗದು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಗರ್ಭಕ್ಕೆ ಹಾನಿ ತರುವ ತಾಯಿಯ ನಡತೆಗಳನ್ನು ಎಣಿಸುವಾಗ, ಕಲಹಶೀಲೆ, ಮದ್ಯಪಾನಾಸಕ್ತೆ ಮುಂತಾದವರ ಜೊತೆಗೆ ‘ಶೋಕನಿತ್ಯೆ’ಯನ್ನೂ ಸೇರಿಸಿದೆ. ಸದಾ ದುಃಖಿಸುವವಳ ಮಗುವು ಭೀರುವೋ, ಕೃಶವೋ, ಅಲ್ಪಾಯುವೋ ಆಗುವುದಂತೆ. ಇಲ್ಲಿ ಶೋಕವು ತಾಯಿಗೆ ಬಂದ ವ್ಯಾಧಿಯಲ್ಲ, ಗರ್ಭಕ್ಕೆ ತಾಯಿಯಿಂದ ಬಂದ ಅಪಾಯ. ಗರ್ಭಿಣಿಯ ದೀರ್ಘಕಾಲದ ದುಃಖವು ಶಿಶುವಿನ ಬೆಳವಣಿಗೆಗೆ ಒಳ್ಳೆಯದಲ್ಲವೆಂಬುದನ್ನು ಆಧುನಿಕರೂ ಒಪ್ಪುತ್ತಾರೆ, ಅವಲೋಕನವು ಸುಳ್ಳಲ್ಲ. ಆದರೆ ಶೋಕವನ್ನು ಮದ್ಯಪಾನದ ಪಂಕ್ತಿಯಲ್ಲಿ ಕೂರಿಸಿದರೆ, ದುಃಖದಲ್ಲಿ ಮುಳುಗಿದವಳಿಗೆ ಆ ದುಃಖದ ಜೊತೆಗೆ ತಾನು ಅಪರಾಧಿಯೆಂಬ ಭಾರವೂ ಸೇರುತ್ತದೆ. ಆಗ ಅವಳು ಅದನ್ನು ಹೇಳಿಕೊಳ್ಳುವುದಿಲ್ಲ, ಮುಚ್ಚಿಕೊಳ್ಳುತ್ತಾಳೆ.

೪. ಸೂತಿಕಾಪ್ರಕರಣ

ಪ್ರಸವಕ್ಕೆ ಮುಂಚೆಯೇ ಸೂತಿಕಾಗೃಹವನ್ನು ಕಟ್ಟುವ ಕ್ರಮವನ್ನೂ, ಅಲ್ಲಿ ಇರಬೇಕಾದ ಸಾಮಗ್ರಿಯನ್ನೂ, ಪರಿಚಾರಕಸ್ತ್ರೀಯರ ಗುಣಗಳನ್ನೂ ಚರಕಸಂಹಿತೆಯು ವಿಸ್ತಾರವಾಗಿ ಹೇಳುತ್ತದೆ. ಆ ಸ್ತ್ರೀಯರು ಹಲವು ಬಾರಿ ಹೆತ್ತವರೂ, ಸ್ನೇಹವುಳ್ಳವರೂ, ಕಾರ್ಯಕುಶಲರೂ, ಸ್ವಭಾವದಿಂದಲೇ ವಾತ್ಸಲ್ಯವುಳ್ಳವರೂ, ಕ್ಲೇಶವನ್ನು ಸಹಿಸುವವರೂ ಆಗಿರಬೇಕು, ‘ತ್ಯಕ್ತವಿಷಾದೆ’ಯರೂ ಆಗಿರಬೇಕು. ಈ ವಿಶೇಷಣವು ಗಮನಾರ್ಹ. ವಿಷಾದವನ್ನು ಬಿಟ್ಟಿರಬೇಕಾದವರು ಪರಿಚಾರಿಕೆಯರೆಂದು ಹೇಳಿದೆ. ಹೆರುವವಳ ವಿಷಾದವು ಪ್ರತ್ಯೇಕವಾಗಿ ಉಕ್ತವಾಗಿಲ್ಲ. ಆದರೂ ಪ್ರಸನ್ನಚಿತ್ತರಾದವರೇ ಅವಳ ಬಳಿ ಇರಬೇಕೆಂಬ ನಿಯಮದ ಹಿಂದೆ ಅವಳ ಮನಸ್ಸಿನ ಚಿಂತೆಯು ಇದ್ದೇ ಇದೆ.

ಪ್ರಸವವಾದ ಮೇಲೆ ಬರುವ ವ್ಯಾಧಿಯು ಕೃಚ್ಛ್ರಸಾಧ್ಯ ಅಥವಾ ಅಸಾಧ್ಯವೆಂದು ಚರಕಸಂಹಿತೆಯ ಮತ. ಗರ್ಭದ ಬೆಳವಣಿಗೆಯಿಂದ ಧಾತುಗಳೆಲ್ಲ ಕ್ಷೀಣಿಸಿ ಸಡಿಲವಾಗಿರುವುದು, ನೋವಿನಿಂದಲೂ ರಕ್ತಸ್ರಾವದಿಂದಲೂ ಶರೀರವು ಶೂನ್ಯವಾಗಿರುವುದು ಅದಕ್ಕೆ ಕಾರಣ. ಶೂನ್ಯತೆಯನ್ನು ಇಷ್ಟು ಚೆನ್ನಾಗಿ ಗುರುತಿಸಿದ ಗ್ರಂಥವು ಅದನ್ನು ಶರೀರಕ್ಕೆ ಮಾತ್ರ ಹೇಳಿತು. ಸುಶ್ರುತನು ಉನ್ಮಾದವನ್ನು ಆರು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಮನೋದುಃಖದಿಂದ ಹುಟ್ಟುವ ಒಂದು ಬಗೆಯನ್ನು ಪ್ರತ್ಯೇಕಿಸುತ್ತಾನೆ. ಕಳ್ಳರ ಭಯ, ರಾಜಪುರುಷರ ಭಯ, ಧನನಾಶ, ಬಂಧುನಾಶ, ಪ್ರಿಯೆಯ ಅಲಾಭ ಇವು ಅದರ ಕಾರಣಗಳು; ಪ್ರಸವವು ಆ ಗಣನೆಯಲ್ಲಿ ಬಂದಿಲ್ಲ.

ನೇಪಾಳದ ಪಂಡಿತ ಹೇಮರಾಜಶರ್ಮರಿಗೆ ದೊರೆತ ತಾಳೆಯೋಲೆಯ ಪ್ರತಿಯಿಂದ ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು ಬಾಲರೋಗ ಸೂತಿಕಾರೋಗಗಳಿಗೇ ಮೀಸಲಾದದ್ದು. ಬಾಣಂತಿಯ ಉಪಚಾರದಲ್ಲಿ ದೇಶದ ಮತ್ತು ಕುಲದ ಆಚಾರಗಳನ್ನು ಗಣಿಸಬೇಕೆಂಬ ಅದರ ಉದಾರದೃಷ್ಟಿಯು ಸ್ತುತ್ಯವಾಗಿದೆ. ಆದರೆ ಅದೇ ಗ್ರಂಥದ ರೇವತೀಕಲ್ಪದಲ್ಲಿ ಗರ್ಭವನ್ನೂ ಶಿಶುವನ್ನೂ ಅಪಹರಿಸುವ ಜಾತಹಾರಿಣಿಯ ವೃತ್ತಾಂತವು ಬರುತ್ತದೆ. ಧರ್ಮವನ್ನು ಬಿಟ್ಟ ಸ್ತ್ರೀಯನ್ನು ಅವಳು ಹೊಗುತ್ತಾಳೆಂದು ಅಲ್ಲಿನ ವಿವರಣೆ. ಮಗುವನ್ನು ಕಳೆದುಕೊಂಡ ತಾಯಿಗೆ ಈ ಸಿದ್ಧಾಂತವು ಕೊಟ್ಟದ್ದು ಸಾಂತ್ವನವಲ್ಲ, ಅಪವಾದ.

ಇನ್ನು ಸೂತಿಕಾಕಾಲದ ಅವಧಿ. ಒಂದೂವರೆ ತಿಂಗಳ ಉಪಚಾರವಾದ ಮೇಲೆ ಅವಳಿಗೆ ‘ಸೂತಿಕೆ’ಯೆಂಬ ಹೆಸರು ಹೋಗುತ್ತದೆಯೆಂದೂ, ಮತ್ತೆ ಋತುದರ್ಶನವಾಗುವವರೆಗೆ ಇರುತ್ತದೆಯೆಂದು ಕೆಲವರ ಮತವೆಂದೂ ಸುಶ್ರುತಸಂಹಿತೆಯು ಹೇಳುತ್ತದೆ. ಆಧುನಿಕ ಪ್ರಸೂತಿಶಾಸ್ತ್ರವೂ ಆರು ವಾರಗಳನ್ನೇ ಗಡಿಯೆಂದು ಹಿಡಿದಿರುವುದು ಸ್ವಾರಸ್ಯವಾದ ಸಾಮ್ಯ. ಶರೀರವು ಹಳೆಯ ಸ್ಥಿತಿಗೆ ಬರುವುದಕ್ಕೆ ಆ ಅವಧಿಯು ಸಾಕು. ಆದರೆ ವಿಷಾದವು ಈ ಗಡಿಯನ್ನು ತಿಳಿಯದು. ಎಷ್ಟೋ ವೇಳೆ ಬಾಣಂತಿಯೆಂಬ ಹೆಸರಿನೊಡನೆ ಬಾಣಂತನದ ಆದರವೂ ಮುಗಿದು, ಅವಳು ತವರಿನಿಂದ ಹಿಂದಿರುಗಿ, ಮನೆಗೆಲಸವು ಮೊದಲಿನಂತೆ ಅವಳ ಮೇಲೆ ಬಿದ್ದ ಕಾಲದಲ್ಲಿಯೇ ಅದು ಬಲಿಯುತ್ತದೆ.

೫. ಸ್ತನ್ಯವಿಚಾರ

ಪ್ರಾಚೀನ ಗ್ರಂಥಗಳಲ್ಲಿ ತಾಯಿಯ ವಿಷಾದಕ್ಕೆ ಅತ್ಯಂತ ಸಮೀಪವಾದ ಮಾತು ದೊರೆಯುವುದು ಉನ್ಮಾದಪ್ರಕರಣದಲ್ಲಿಯೂ ಅಲ್ಲ, ಸೂತಿಕಾರೋಗಗಳ ಪ್ರಕರಣದಲ್ಲಿಯೂ ಅಲ್ಲ, ಸ್ತನ್ಯಪ್ರಕರಣದಲ್ಲಿ. ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಸುಶ್ರುತನು ಎದೆಹಾಲು ಬತ್ತುವುದಕ್ಕೆ ಕಾರಣಗಳನ್ನು ಹೇಳುತ್ತ ಕ್ರೋಧ, ಶೋಕ, ಅವಾತ್ಸಲ್ಯ ಎಂಬ ಮೂರನ್ನು ಹೆಸರಿಸುತ್ತಾನೆ. ಅವಾತ್ಸಲ್ಯವೆಂದರೆ ಮಗುವಿನಲ್ಲಿ ಮಮತೆ ಹುಟ್ಟದೆ ಇರುವುದು. ತಾಯಿಗೆ ಮಗುವಿನಲ್ಲಿ ಮಮತೆಯು ಸಹಜವೆಂದೇ ಕಾವ್ಯಗಳೆಲ್ಲ ಹಾಡುತ್ತಿರುವಾಗ, ಅದು ಇಲ್ಲದೆಯೂ ಹೋಗಬಹುದೆಂಬುದನ್ನು ಈ ವೈದ್ಯನು ನಿಂದೆಯ ಒಂದು ಮಾತೂ ಇಲ್ಲದೆ, ಹಾಲು ಬತ್ತುವುದಕ್ಕೆ ಒಂದು ಕಾರಣವೆಂದು ಬರೆದಿಟ್ಟನು. ಅದರ ಚಿಕಿತ್ಸೆಯೂ ಅಷ್ಟೇ ಗಮನಾರ್ಹ. ಯವಗೋಧಿ ಮೊದಲಾದ ಆಹಾರಗಳನ್ನು ಹೇಳುವುದಕ್ಕೆ ಮುಂಚೆ, ಮೊದಲು ಅವಳಿಗೆ ಸೌಮನಸ್ಯವನ್ನು ಉಂಟುಮಾಡಬೇಕೆಂದು ವಿಧಿಸಿದೆ. ಮನಸ್ಸು ಮೊದಲು, ಅನ್ನ ಆಮೇಲೆ.

ಇದೇ ನಿದಾನಸ್ಥಾನದ ಮಾತಿಗೂ ಒಪ್ಪುತ್ತದೆ. ಮಗುವನ್ನು ನೋಡುವುದರಿಂದಲೂ ಸ್ಮರಿಸುವುದರಿಂದಲೂ ಮುಟ್ಟುವುದರಿಂದಲೂ ಹಾಲು ಸುರಿಯುವುದು, ಎಡೆಬಿಡದ ಸ್ನೇಹವೇ ಅದರ ಪ್ರವಾಹಕ್ಕೆ ಹೇತು ಎಂದು ಅಲ್ಲಿ ಹೇಳಿದೆ. ಮನಸ್ಸಿನ ಸ್ಥಿತಿಯು ಹಾಲಿನ ಸ್ರವಣವನ್ನು ಹೆಚ್ಚಿಸಬಲ್ಲದು, ತಡೆಯಬಲ್ಲದು ಎಂಬುದು ಇಂದಿನ ಶರೀರಶಾಸ್ತ್ರಕ್ಕೂ ಸಮ್ಮತವಾಗಿದೆ.

ಇಷ್ಟಾದರೂ ಒಂದು ಸಂಗತಿಯು ಉಳಿಯುತ್ತದೆ. ಗರ್ಭಕಾಲದಲ್ಲಿ ತಾಯಿಯ ಮನಸ್ಸು ಗರ್ಭದ ಮೂಲಕ ಕಂಡಿತು. ಪ್ರಸವಾನಂತರ ಹಾಲಿನ ಮೂಲಕ ಕಂಡಿತು. ಹಾಲು ಬತ್ತದೆ, ಶಿಶುವು ಪುಷ್ಟವಾಗಿ ಬೆಳೆಯುತ್ತಿದ್ದು, ತಾಯಿಯೊಬ್ಬಳೇ ಒಳಗೆ ಬತ್ತಿಹೋಗುತ್ತಿದ್ದರೆ ಅವಳಿಗೆ ಶಾಸ್ತ್ರದಲ್ಲಿ ಯಾವ ಅಧ್ಯಾಯ? ಅದಕ್ಕೆ ಉತ್ತರವು ಈ ಪ್ರಕರಣಗಳಲ್ಲಿ ದೊರೆಯುವುದಿಲ್ಲ.

೬. ಯೂರೋಪಿನ ಸಂಪ್ರದಾಯ

ಈ ಕೊರತೆಯು ಭಾರತೀಯ ವೈದ್ಯಕ್ಕೆ ಮಾತ್ರ ಸೇರಿದ್ದಲ್ಲವೆಂಬುದನ್ನು ತಿಳಿಯಲು ಗ್ರೀಕ್ ವೈದ್ಯವನ್ನೂ ಅದರ ಸಂತತಿಯನ್ನೂ ನೋಡಬೇಕು. ಹಿಪ್ಪೋಕ್ರಟೀಸನ ಹೆಸರಿನಲ್ಲಿ ಪ್ರಚಲಿತವಾಗಿರುವ ಗ್ರಂಥಗಳಲ್ಲಿ, ಸಿಜಿಕಸ್ ಪಟ್ಟಣದಲ್ಲಿ ಅವಳಿ ಹೆಣ್ಣುಮಕ್ಕಳನ್ನು ಹೆತ್ತು, ಜ್ವರ ಬಂದು, ಮತಿಭ್ರಂಶವಾಗಿ, ಹದಿನೇಳನೆಯ ದಿನ ಮೃತಳಾದ ಸ್ತ್ರೀಯೊಬ್ಬಳ ವೃತ್ತಾಂತವಿದೆ. ಸ್ತನಗಳಲ್ಲಿ ರಕ್ತವು ಕೂಡಿಕೊಂಡರೆ ಅದು ಉನ್ಮಾದಸೂಚಕವೆಂದು ಮತ್ತೊಂದೆಡೆ ಹೇಳಿದೆ. ಅನಂತರದ ವೈದ್ಯರಲ್ಲಿ ಹಾಲು ದಾರಿತಪ್ಪಿ ತಲೆಗೇರಿ ಬುದ್ಧಿಯನ್ನು ಕೆಡಿಸುತ್ತದೆಯೆಂಬ ಮತವು ಬಲವಾಗಿ, ಹದಿನೆಂಟನೆಯ ಶತಮಾನದವರೆಗೂ ನಡೆದುಬಂದಿತು. ಸುಶ್ರುತನ ಮತದಲ್ಲಿ ಮನಸ್ಸು ಕೆಟ್ಟು ಹಾಲು ಕೆಡುತ್ತದೆ. ಇವರ ಮತದಲ್ಲಿ ಹಾಲು ಕೆಟ್ಟು ಮನಸ್ಸು ಕೆಡುತ್ತದೆ. ಕಾರ್ಯಕಾರಣಗಳು ತಿರುವುಮುರುವಾಗಿದ್ದರೂ ತಾಯಿಯ ಮನಸ್ಸಿಗೆ ಹಾಲೇ ಕನ್ನಡಿಯಾಗಿದ್ದುದು ಉಭಯತ್ರ ಸಮಾನ. ಸುಶ್ರುತನ ಮತವೇ ಸತ್ಯಕ್ಕೆ ಹೆಚ್ಚು ಹತ್ತಿರವೆಂಬುದನ್ನು ಮಾತ್ರ ಒಪ್ಪಬೇಕು.

ತಾಯಿಯೊಬ್ಬಳು ತನ್ನ ಬಾಯಿಂದಲೇ ಹೇಳಿ ಬರೆಯಿಸಿದ ವೃತ್ತಾಂತವೊಂದು ಇಂಗ್ಲೆಂಡಿನಲ್ಲಿ ದೊರೆತಿದೆ. ಲಿನ್ ಪಟ್ಟಣದ ಮಾರ್ಜರಿ ಕೆಂಪ್ ಎಂಬವಳು ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಚೊಚ್ಚಲ ಹೆರಿಗೆಯಾದ ಮೇಲೆ ಅರ್ಧ ವರ್ಷಕ್ಕೂ ಹೆಚ್ಚು ಕಾಲ ಬುದ್ಧಿಭ್ರಂಶದಿಂದ ನರಳಿ, ತನಗೆ ತಾನೇ ಗಾಯಮಾಡಿಕೊಂಡು, ಹಗಲಿರುಳು ಕಟ್ಟಿಹಾಕಲ್ಪಟ್ಟಿದ್ದಳು. ಆಮೇಲೆ ಗುಣಹೊಂದಿ, ೧೪೩೦ರ ದಶಕದಲ್ಲಿ ತನ್ನ ಜೀವನವನ್ನು ಬರೆಯಿಸಿದಳು. ಆ ಗ್ರಂಥದ ಹಸ್ತಪ್ರತಿಯು ೧೯೩೪ರಲ್ಲಿ ಪತ್ತೆಯಾಯಿತು. ವೈದ್ಯರ ಗ್ರಂಥಗಳಲ್ಲಿ ಕಾಣದಿದ್ದ ತಾಯಿಯ ಸ್ವಂತ ಮಾತು ಹೀಗೆ ಐದು ಶತಮಾನಗಳ ಕಾಲ ಕಪಾಟಿನಲ್ಲಿ ಮುಚ್ಚಿಹೋಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಚಾರವು ಶಾಸ್ತ್ರರೂಪಕ್ಕೆ ಬಂದಿತು. ೧೮೨೦ರಲ್ಲಿ ಇಂಗ್ಲೆಂಡಿನ ರಾಬರ್ಟ್ ಗೂಚ್ ಸೂತಿಕೋನ್ಮಾದವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಫ್ರಾನ್ಸಿನ ಎಸ್ಕಿರೋಲ್, ಆಸ್ಪತ್ರೆಗೆ ಬರುವವರಿಗಿಂತ ಮನೆಗಳಲ್ಲಿಯೇ ಉಳಿದು ಲೆಕ್ಕಕ್ಕೆ ಸಿಕ್ಕದ ಮೃದುರೂಪದ ರೋಗಿಗಳು ಬಹುಮಂದಿ ಇರುವರೆಂಬುದನ್ನು ಗ್ರಹಿಸಿದ್ದನು. ೧೮೫೮ರಲ್ಲಿ ಪ್ಯಾರಿಸ್ಸಿನ ಲೂಯಿ ವಿಕ್ಟರ್ ಮಾರ್ಸೆ ೩೧೦ ರೋಗಿಗಳ ವೃತ್ತಾಂತಗಳ ಆಧಾರದ ಮೇಲೆ, ಗರ್ಭಿಣಿಯರು, ಹೊಸದಾಗಿ ಹೆತ್ತವರು, ಹಾಲೂಡುವವರು ಎಂದು ಮೂರು ಭಾಗಮಾಡಿ ಮಹಾಪ್ರಬಂಧವನ್ನು ರಚಿಸಿದನು. ಈ ವಿಷಯದ ಅಂತಾರಾಷ್ಟ್ರೀಯ ವಿದ್ವತ್ಸಂಘವು ೧೯೮೦ರಲ್ಲಿ ಸ್ಥಾಪಿತವಾದಾಗ ಮಾರ್ಸೆಯ ಹೆಸರನ್ನೇ ಇಟ್ಟುಕೊಂಡಿತು. ಆದರೆ ಇವರೆಲ್ಲರ ಗಮನವೂ ಪ್ರಾಯಶಃ ಉನ್ಮಾದದ ಕಡೆಗೇ ಇತ್ತು. ಇಂಗ್ಲೆಂಡಿನ ರಾಜಶಾಸನವು ಸಹ ೧೯೨೨ರಲ್ಲಿ, ಮತ್ತೆ ೧೯೩೮ರಲ್ಲಿ, ತಾಯಿಯ ಕೈಯಿಂದ ಶಿಶುವು ಹತವಾದ ಸಂದರ್ಭದಲ್ಲಿ ಅವಳ ಚಿತ್ತದ ಅಸ್ವಾಸ್ಥ್ಯವನ್ನು ಗಣಿಸಿ ಶಿಕ್ಷೆಯನ್ನು ತಗ್ಗಿಸಿತು. ೧೯೩೮ರ ಶಾಸನದಲ್ಲಿ ಪ್ರಸವದ ಜೊತೆಗೆ ಹಾಲೂಡುವುದರ ಪರಿಣಾಮವೂ ಕಾರಣವಾಗಿ ಉಕ್ತವಾಯಿತು. ಹಾಲಿನ ಸಿದ್ಧಾಂತವು ವೈದ್ಯದಿಂದ ಮರೆಯಾದರೂ ಧರ್ಮಾಸನದಲ್ಲಿ ಉಳಿಯಿತು. ಮಗುವಿನ ಸಾವಿನ ಮೂಲಕವೇ ತಾಯಿಯ ಮನಸ್ಸು ಶಾಸನಕ್ಕೆ ಕಂಡದ್ದು ಶೋಚನೀಯ.

೭. ಪ್ರಶ್ನೆಯ ಯುಗ

ಮೌನವಾದ ವಿಷಾದವು ಲೆಕ್ಕಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ೧೯೬೮ರಲ್ಲಿ ಬ್ರೈಸ್ ಪಿಟ್ ಎಂಬ ವೈದ್ಯನು ಲಂಡನ್ನಿನಲ್ಲಿ ೩೦೫ ಮಂದಿ ಸಾಮಾನ್ಯ ತಾಯಂದಿರನ್ನು ವಿಚಾರಿಸಿ, ಅವರಲ್ಲಿ ಶೇಕಡ ೧೦.೮ ಮಂದಿಗೆ ವಿಷಾದವಿದ್ದುದನ್ನು ಪ್ರಕಟಿಸಿದನು. ೧೯೮೭ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಎಂಬವರು ಎಡಿನ್‌ಬರೋ ಪ್ರಶ್ನಾವಳಿಯನ್ನು ರಚಿಸಿದರು. ಕಳೆದ ಏಳು ದಿನಗಳ ಮನಸ್ಸಿನ ಸ್ಥಿತಿಯನ್ನು ಹತ್ತು ಸರಳವಾದ ಪ್ರಶ್ನೆಗಳಿಂದ ತಿಳಿಯುವ ಈ ಉಪಾಯವು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಪರಿವರ್ತಿತವಾಗಿದೆ. ಇಲ್ಲಿ ಗಮನಿಸಬೇಕಾದದ್ದು ಪ್ರಶ್ನೆಗಳ ಸಂಖ್ಯೆಯನ್ನಲ್ಲ. ಗರ್ಭವನ್ನೂ ಕೇಳದೆ, ಹಾಲನ್ನೂ ಕೇಳದೆ, ತಾಯಿಯನ್ನೇ ಕೇಳಿದರೆಂಬುದನ್ನು.

ಕೇಳಿದ ಕೂಡಲೆ, ಈ ದೇಶದಲ್ಲಿ ಇದು ಇಲ್ಲವೆಂಬ ಪಕ್ಷವು ಬಿದ್ದುಹೋಯಿತು. ಗೋವೆಯಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಶೇಕಡ ೨೩ ಮಂದಿ ತಾಯಂದಿರು ವಿಷಾದಗ್ರಸ್ತರಾಗಿದ್ದರು; ಅವರಲ್ಲಿ ಹೆಚ್ಚಿನವರ ಮನಸ್ಸು ಗರ್ಭಕಾಲದಲ್ಲಿಯೇ ಅಸ್ವಸ್ಥವಾಗಿತ್ತು. ದಾರಿದ್ರ್ಯ, ಗಂಡನೊಡನೆ ವಿರಸ, ಗಂಡುಮಗುವಿನ ನಿರೀಕ್ಷೆಯಲ್ಲಿ ಹೆಣ್ಣು ಹುಟ್ಟಿದುದು ಇವು ಅಲ್ಲಿ ಕಂಡುಬಂದ ಕಾರಣಗಳಲ್ಲಿ ಮುಖ್ಯವಾದವು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ, ಭಾರತದಲ್ಲಿ ನಡೆದ ೩೮ ಸಂಶೋಧನೆಗಳನ್ನು ಒಟ್ಟುಗೂಡಿಸಿದ ಲೆಕ್ಕವು ಪ್ರಕಟವಾಯಿತು. ಅದರಂತೆ ಪ್ರಮಾಣವು ಶೇಕಡ ೨೨. ಎಂದರೆ ಐವರು ಬಾಣಂತಿಯರಲ್ಲಿ ಒಬ್ಬಳು. ತವರೂ ಎಣ್ಣೆನೀರೂ ಇದ್ದ ಮನೆಗಳೂ ಈ ಲೆಕ್ಕದಲ್ಲಿ ಸೇರಿವೆ.

ಚಿಕಿತ್ಸೆಯ ಪದ್ಧತಿಯೂ ಬದಲಾಯಿತು. ಮನಸ್ಸು ಕೆಟ್ಟ ತಾಯಿಯಿಂದ ಮಗುವನ್ನು ಅಗಲಿಸುವುದು ಹಿಂದಿನ ರೂಢಿ. ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ೧೯೪೮ರಲ್ಲಿ ತಾಯಿಮಕ್ಕಳನ್ನು ಒಟ್ಟಿಗೆ ಇರಿಸಿಕೊಳ್ಳುವ ಕ್ರಮವು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೦೯ರಲ್ಲಿ ತಾಯಿಮಗುವಿನ ವಿಭಾಗವು ಏರ್ಪಟ್ಟಿತು. ಈ ದೇಶಕ್ಕೆ ಮೊದಲನೆಯದಾದ ಇಂಥ ವ್ಯವಸ್ಥೆಯು ಕನ್ನಡನಾಡಿನಲ್ಲಿಯೇ ಆದದ್ದು ಸ್ಮರಣೀಯ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು ಭಾರತದ ೨೦೧೭ರ ಮಾನಸಿಕ ಆರೋಗ್ಯ ಶಾಸನವು ವಿಧಿಸಿತು. ಔಷಧಗಳಿಂದ ಮಾತ್ರವಲ್ಲ, ಕ್ರಮವರಿತ ಸಂಭಾಷಣೆಯಿಂದಲೂ ಈ ವ್ಯಾಧಿಯು ಗುಣವಾಗುವುದು. ಪಾಕಿಸ್ತಾನದ ರಾವಲ್ಪಿಂಡಿಯ ಗ್ರಾಮಗಳಲ್ಲಿ ಊರಿನ ಆರೋಗ್ಯಕಾರ್ಯಕರ್ತೆಯರೇ ಶಿಕ್ಷಣ ಪಡೆದು ಮನೆಮನೆಗೆ ಹೋಗಿ ತಾಯಂದಿರೊಡನೆ ಮಾತನಾಡಿದುದರಿಂದ, ಆರು ತಿಂಗಳ ಹೊತ್ತಿಗೆ ವಿಷಾದವು ಉಳಿದವರ ಪ್ರಮಾಣವು ಶೇಕಡ ೨೩ಕ್ಕೆ ಇಳಿಯಿತೆಂದೂ, ಆ ಉಪಚಾರವಿಲ್ಲದ ಕಡೆ ಅದು ಶೇಕಡ ೫೩ ಇತ್ತೆಂದೂ ೨೦೦೮ರಲ್ಲಿ ಪ್ರಕಟವಾಗಿದೆ. ಸ್ನೇಹವುಳ್ಳವರೂ ಕುಶಲರೂ ವಿಷಾದರಹಿತರೂ ಆದ ಸ್ತ್ರೀಯರು ಬಳಿಯಿರಬೇಕೆಂಬ ಚರಕಸಂಹಿತೆಯ ಮಾತಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನವು ಬೇಡ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದು ಇಷ್ಟು. ತಾಯಿಯ ಮನಸ್ಸಿನ ಮಹತ್ತ್ವವನ್ನು ಪ್ರಾಚೀನ ಭಾರತೀಯ ವೈದ್ಯರು ಬಲ್ಲವರಾಗಿದ್ದರು. ಶೋಕದಿಂದಲೂ ಅವಾತ್ಸಲ್ಯದಿಂದಲೂ ಹಾಲು ಬತ್ತುವುದೆಂದು ಬರೆದ ಸುಶ್ರುತನ ಅವಲೋಕನವು ತನ್ನ ಕಾಲಕ್ಕೆ ಅಸಾಧಾರಣವಾದದ್ದು. ಆದರೂ ಆ ಜ್ಞಾನವು ಗರ್ಭಾರ್ಥವಾಗಿಯೂ ಶಿಶ್ವರ್ಥವಾಗಿಯೂ ಇತ್ತೇ ಹೊರತು ತಾಯಿಯ ದುಃಖವನ್ನು ಅವಳದೇ ಆದ ವ್ಯಾಧಿಯೆಂದು ಪ್ರತ್ಯೇಕಿಸಲಿಲ್ಲ. ಯೂರೋಪಿನ ವೈದ್ಯರೂ ಬಹುಕಾಲ ಹಾಗೆ ಪ್ರತ್ಯೇಕಿಸಲಿಲ್ಲ. ಆದುದರಿಂದ ಎಲ್ಲವೂ ಮೊದಲೇ ಉಕ್ತವಾಗಿದೆಯೆಂಬ ಪಕ್ಷವು ಅತಿವ್ಯಾಪ್ತಿಯಿಂದಲೂ, ಇದು ಪರದೇಶದ ವ್ಯಾಧಿಯೆಂಬ ಪಕ್ಷವು ಪ್ರತ್ಯಕ್ಷವಿರೋಧದಿಂದಲೂ ದುಷ್ಟವಾಗಿವೆ.

ಈ ಎರಡು ಪಕ್ಷಗಳ ವಾದವು ಗ್ರಂಥಶಾಲೆಯಲ್ಲಿ ಮುಗಿಯುವ ವಾದವಲ್ಲ. ವ್ಯಾಧಿಯೇ ಇಲ್ಲವೆನ್ನುವ ಮನೆಯಲ್ಲಿಯೂ, ಎಲ್ಲವೂ ತಿಳಿದಿದೆಯೆನ್ನುವ ಮನೆಯಲ್ಲಿಯೂ ಬಾಣಂತಿಯನ್ನು ಕೇಳುವವರು ಇರುವುದಿಲ್ಲ. ಬಾಣಂತನದ ಆಚಾರಗಳು ಒಳ್ಳೆಯವು. ಬಿಸಿನೀರು, ಪಥ್ಯ, ವಿಶ್ರಾಂತಿ ಇವುಗಳನ್ನು ಬಿಡಬೇಕಾದುದಿಲ್ಲ. ಅವುಗಳ ಜೊತೆಗೆ ಸೇರಬೇಕಾದ ಅಂಗವೊಂದು ಉಳಿದಿದೆ. ಮಗು ಚೆನ್ನಾಗಿದೆಯೇ, ಹಾಲು ಸಾಲುತ್ತದೆಯೇ ಎಂದು ಕೇಳಿದವರು, ನಿನ್ನ ಮನಸ್ಸು ಹೇಗಿದೆ ತಾಯಿ ಎಂದೂ ಕೇಳಿ, ಉತ್ತರ ಬರುವವರೆಗೆ ಅವಳ ಬಳಿ ಕುಳಿತಿರಬೇಕು. ಬಂದ ಉತ್ತರವು ಭಾರವಾಗಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸೌಮನಸ್ಯವನ್ನು ಉಂಟುಮಾಡುವ ವಿಧಿಯು ಇಲ್ಲಿಂದಲೇ ಮೊದಲಾಗುತ್ತದೆ.